ಈ ಜಾಗ ಯಾರದು? ಪಹಣಿ, ಇ.ಸಿ., ಖಾತೆ, ಮತದಾರರ ಪಟ್ಟಿಗಳಲ್ಲಿ ಯಾವುದನ್ನು ಯಾವಾಗ ನೋಡಬೇಕು

ಊರ ಹೊರಗೆ ಬೀಳುಬಿದ್ದ ಒಂದು ಹೊಲ, ಬಡಾವಣೆಯ ನಡುವೆ ಮುಳ್ಳುಗಿಡ ಬೆಳೆದು ನಿಂತ ಖಾಲಿ ನಿವೇಶನ, ಬಹಳ ಹಿಂದೆ ಮುಂಬಯಿಗೆ ಹೋಗಿ ಮರಳಿ ಬಾರದ ದಾಯಾದಿಯ ಪಾಲು. ಇವುಗಳ ಒಡೆಯರು ಯಾರು, ಈಗ ಎಲ್ಲಿದ್ದಾರೆ ಎಂದು ಹುಡುಕಬೇಕಾದ ಪ್ರಸಂಗ ಬಹುಪಾಲು ಕುಟುಂಬಗಳಿಗೆ ಒಂದಲ್ಲ ಒಂದು ದಿನ ಬರುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಬೇಕಾದ ದಾಖಲೆಗಳಲ್ಲಿ ಹೆಚ್ಚಿನವು ಸಾರ್ವಜನಿಕರಿಗೆ ತೆರೆದಿವೆ, ಕೆಲವು ಉಚಿತವಾಗಿಯೇ ಸಿಗುತ್ತವೆ. ಆದರೂ ಜನ ಮೋಸ ಹೋಗುತ್ತಾರೆ. ತೆರಿಗೆ ರಸೀದಿಯನ್ನು ಒಡೆತನದ ಪತ್ರವೆಂದು, ಪಹಣಿಯ ಹೆಸರನ್ನು ಕೊನೆಯ ತೀರ್ಪೆಂದು ನಂಬಿ ಹಣ ಕೊಡುತ್ತಾರೆ.

ಮೊದಲೇ ತಿಳಿದಿರಬೇಕಾದ ಸಂಗತಿ ಇದು: ಭಾರತದಲ್ಲಿ ‘ಈ ಆಸ್ತಿ ಇವರದೇ’ ಎಂದು ಸರ್ಕಾರ ಖಾತರಿ ಕೊಡುವ ದಾಖಲೆ ಯಾವುದೂ ಇಲ್ಲ. ಉಪನೋಂದಣಿ ಕಚೇರಿ ಪತ್ರವನ್ನು ನೋಂದಾಯಿಸುತ್ತದೆ. ಪತ್ರ ಬರೆದುಕೊಟ್ಟವರಿಗೆ ನಿಜವಾದ ಹಕ್ಕಿತ್ತೇ ಎಂಬುದಕ್ಕೆ ಅದು ಹೊಣೆಯಾಗುವುದಿಲ್ಲ. ಕಂದಾಯ ಇಲಾಖೆ ಭೂಕಂದಾಯಕ್ಕಾಗಿ ಹೆಸರು ಬರೆದುಕೊಳ್ಳುತ್ತದೆ. ಪಂಚಾಯಿತಿ, ಪುರಸಭೆಗಳು ತೆರಿಗೆಗಾಗಿ ಬರೆದುಕೊಳ್ಳುತ್ತವೆ. ಹೀಗಾಗಿ ಯಾವ ದಾಖಲೆ ಒಳ್ಳೆಯದು ಎಂದು ಕೇಳುವ ಮೊದಲು ನಿಮಗೆ ಬೇಕಾಗಿರುವುದು ಏನು ಎಂದು ಕೇಳಿಕೊಳ್ಳಿ. ಕಂದಾಯದ ಲೆಕ್ಕದಲ್ಲಿ ಯಾರ ಹೆಸರಿದೆ ಎಂದೋ, ಆಸ್ತಿ ಯಾರಿಂದ ಯಾರಿಗೆ ಹೋಯಿತು ಎಂದೋ, ತೆರಿಗೆ ಯಾರು ಕಟ್ಟುತ್ತಿದ್ದಾರೆ ಎಂದೋ, ಆ ಮನುಷ್ಯ ಈಗ ಎಲ್ಲಿ ವಾಸವಾಗಿದ್ದಾರೆ ಎಂದೋ? ಒಂದೊಂದಕ್ಕೂ ಬೇರೆ ಬೇರೆ ದಾಖಲೆ ಇದೆ.

ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ

ಕಂದಾಯ ದಾಖಲೆಗಳೆಲ್ಲ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನ ಒಳತುಂಡು) ನಂಬರ್ ಎಂಬ ಸರಪಳಿಯಲ್ಲಿ ತೆರೆದುಕೊಳ್ಳುತ್ತವೆ. ಹೊಲ ಕಣ್ಣೆದುರು ಇದ್ದು ನಂಬರ್ ಮಾತ್ರ ತಿಳಿಯದಿದ್ದರೆ ಮೊಬೈಲ್‌ನಲ್ಲಿ ‘ದಿಶಾಂಕ್’ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತು ನೋಡಿ. ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ ಮಾಡಿದ ಈ ಆ್ಯಪ್, ನೀವು ನಿಂತಿರುವ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ನಂಬರ್ ತಿಳಿಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಗಡಿ ತಕರಾರಿಗೆ ಮಾತ್ರ ಇದನ್ನು ಬಳಸಬೇಡಿ. ನಕ್ಷೆಯ ಗೆರೆ ನೆಲದ ಮೇಲಿನ ಬದುವಿಗಿಂತ ಅತ್ತಿತ್ತ ಸರಿದಿರಬಹುದು. ಬದುವಿನ ಅಂಚಿನಲ್ಲಿ ನಿಂತು ನೋಡಿದರೆ ಪಕ್ಕದ ಹೊಲದ ನಂಬರ್ ಬರಬಹುದು. ಹೊಲದ ನಡುವೆ ನಿಂತು ನೋಡಿ, ಆಮೇಲೆ ಕಂದಾಯ ಇಲಾಖೆಯ ಜಾಲತಾಣದಲ್ಲಿರುವ ಗ್ರಾಮ ನಕ್ಷೆಗೆ ಹೋಲಿಸಿ.

ನಗರದಲ್ಲಿ ದಿಶಾಂಕ್ ತೋರಿಸುವುದು ಬಡಾವಣೆ ಹುಟ್ಟುವ ಮೊದಲಿನ ಹೊಲದ ನಂಬರನ್ನು. ನಿಮಗೆ ಅಲ್ಲಿ ಬೇಕಾಗುವುದು ನಿವೇಶನದ ಸಂಖ್ಯೆ. ಪಕ್ಕದ ಖಾಲಿ ನಿವೇಶನದ ಸಂಖ್ಯೆ ಬೇಕಿದ್ದರೆ ನಿಮ್ಮದೇ ಕ್ರಯಪತ್ರದ ಷೆಡ್ಯೂಲನ್ನು ತೆಗೆದು ಚಕ್ಕುಬಂದಿ ಓದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ಸಂಖ್ಯೆಯ ನಿವೇಶನ ಎಂದು ಅಲ್ಲಿಯೇ ಬರೆದಿರುತ್ತದೆ.

ಪಹಣಿ

ಕೃಷಿ ಜಮೀನಿನ ವಿಷಯದಲ್ಲಿ ನನ್ನ ಸಲಹೆ ಯಾವಾಗಲೂ ಪಹಣಿಯಿಂದಲೇ ಶುರು ಮಾಡಿ ಎಂಬುದು. ಆರ್‌ಟಿಸಿ ಎನ್ನಿ, ಉತ್ತರ ಕರ್ನಾಟಕದವರಂತೆ ಉತಾರ ಎನ್ನಿ, ದಾಖಲೆ ಒಂದೇ. 2000ರ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಇವೆಲ್ಲ ಕಂಪ್ಯೂಟರಿಗೆ ಬಂದವು. ಈಗ ಸರ್ವೆ ನಂಬರ್ ಇದ್ದರೆ ಯಾರ ಪಹಣಿಯನ್ನಾದರೂ ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. ನೋಡುವುದಕ್ಕೆ ಹಣ ಬೇಡ. ಕಚೇರಿಗೆ ಸಲ್ಲಿಸುವಂಥ ಪ್ರತಿಗೆ ಮಾತ್ರ ಸಣ್ಣ ಶುಲ್ಕವಿದೆ.

ಪಹಣಿಯಲ್ಲಿ ಹೆಚ್ಚಿನವರು 9ನೇ ಕಾಲಂ ನೋಡಿ ಮುಗಿಸುತ್ತಾರೆ. ಸ್ವಾಧೀನದಾರರ ಹೆಸರು ಇರುವುದು ಅಲ್ಲಿ: ಇಂಥವರು ಬಿನ್ (ಮಗ) ಇಂಥವರು, ಅಥವಾ ಕೋಂ (ಹೆಂಡತಿ) ಇಂಥವರು. ಆದರೆ ಹುಡುಕುವವರಿಗೆ ನಿಜವಾಗಿ ದಾರಿ ತೋರಿಸುವುದು 10 ಮತ್ತು 11ನೇ ಕಾಲಂಗಳು. ಹೆಸರು ಹೇಗೆ ಬಂತು ಎಂಬುದನ್ನು 10ನೇ ಕಾಲಂ ಹೇಳುತ್ತದೆ: ಕ್ರಯ, ವಿಭಾಗ, ದಾನ, ಪೌತಿ (ಒಡೆಯರ ಮರಣದಿಂದ ವಾರಸುದಾರರಿಗೆ), ಮಂಜೂರಾತಿ, ಜೊತೆಗೆ ಮ್ಯುಟೇಶನ್ (ಹಕ್ಕು ಬದಲಾವಣೆ) ಅಂದರೆ ಎಂ.ಆರ್. ಸಂಖ್ಯೆ. ಆ ಎಂ.ಆರ್. ಪ್ರತಿಯನ್ನು ತೆಗೆದರೆ ಹಿಂದೆ ಯಾರ ಹೆಸರಿತ್ತು, ಯಾವ ಪತ್ರದ ಮೇಲೆ ಬದಲಾಯಿತು ಎಂಬುದು ಗೊತ್ತಾಗುತ್ತದೆ. ಅಲ್ಲಿಂದ ಅದರ ಹಿಂದಿನ ಎಂ.ಆರ್., ಮತ್ತೆ ಅದರ ಹಿಂದಿನದು. ಬ್ಯಾಂಕಿನ ಸಾಲ, ನ್ಯಾಯಾಲಯದ ತಡೆಯಾಜ್ಞೆ, ಪರಭಾರೆ (ಬೇರೆಯವರಿಗೆ ವರ್ಗಾವಣೆ) ಮಾಡಬಾರದೆಂಬ ಷರತ್ತು ಇವೆಲ್ಲ 11ನೇ ಕಾಲಂನಲ್ಲಿ ಕುಳಿತಿರುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳ ಪರಭಾರೆಯನ್ನು 1978ರ ಪಿ.ಟಿ.ಸಿ.ಎಲ್. ಕಾಯ್ದೆ ನಿರ್ಬಂಧಿಸುತ್ತದೆ. ಅಂಥ ಜಮೀನು ಎಷ್ಟು ಕೈ ಬದಲಾಗಿದ್ದರೂ ಮೂಲ ಮಂಜೂರುದಾರರ ಕುಟುಂಬಕ್ಕೆ ಮರಳಬಹುದು. ಆದ್ದರಿಂದ ಹೆಸರಿಗಿಂತ ಮೊದಲು ಮಂಜೂರಾತಿಯ ಸುಳಿವನ್ನು ಹುಡುಕಿ. ಸಾಗುವಳಿದಾರರ ವಿವರ 12ನೇ ಕಾಲಂನಲ್ಲಿದೆ. ಅದು 9ನೇ ಕಾಲಂಗೆ ಹೊಂದದಿದ್ದರೆ ಜಮೀನಿನ ಮೇಲೆ ಬೇರೆ ಯಾರೋ ಇದ್ದಾರೆ ಎಂದರ್ಥ, ಅವರನ್ನು ಭೇಟಿಯಾಗಲೇಬೇಕು.

ಪಹಣಿಯ ಬೆಲೆ ಎಷ್ಟು? ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಂ ಪ್ರಕಾರ, ತಪ್ಪೆಂದು ಸಾಬೀತಾಗುವವರೆಗೆ ಅದರಲ್ಲಿನ ನಮೂದು ಸರಿಯೆಂದೇ ಭಾವಿಸಬೇಕು. ಅದು ಗಟ್ಟಿಯಾದ ಆಧಾರವೇ. ಆದರೆ ಮ್ಯುಟೇಶನ್ ಆದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

ಇಲ್ಲಿ ನನ್ನನ್ನು ಬಹಳ ಕಾಡುವ ವಿಷಯವೊಂದಿದೆ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಆಗುವಾಗ ಗಂಡುಮಕ್ಕಳ ಹೆಸರು ಮಾತ್ರ ಪಹಣಿಗೆ ಏರಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ನಮ್ಮ ಹಳ್ಳಿಗಳಲ್ಲಿ ತೀರಾ ಸಾಮಾನ್ಯ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲಿದೆ ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳುತ್ತದೆ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂಬ ಷರತ್ತು ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಪಹಣಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಆಕೆಯ ಹಕ್ಕು ಅಳಿಸಿಹೋಗುವುದಿಲ್ಲ. ಕೊಳ್ಳುವವರು ವಂಶವೃಕ್ಷ ಕೇಳಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರುಗಳಿವೆಯೇ ಎಂದು ಊರಿನಲ್ಲಿ ವಿಚಾರಿಸಿ. ಹೆಸರು ಬಿಟ್ಟುಹೋದ ಅಕ್ಕತಂಗಿಯರು ಎಂ.ಆರ್. ಪ್ರತಿ ತೆಗೆದು ನೋಡಿ. ಯಾವ ಕಾಗದದ ಮೇಲೆ ತಮ್ಮನ್ನು ಬಿಡಲಾಯಿತು ಎಂಬುದು ಅದರಲ್ಲೇ ಸಿಗುತ್ತದೆ.

ಪ್ರದೇಶದ ವ್ಯತ್ಯಾಸವನ್ನೂ ಮರೆಯಬಾರದು. ಕೊಡಗಿನ ಜಮ್ಮಾ (ವಂಶಪಾರಂಪರ್ಯದ) ಜಮೀನಿನಲ್ಲಿ ಕುಟುಂಬದ ಪಟ್ಟೇದಾರರ (ಯಜಮಾನರ) ಹೆಸರು ತಲೆಮಾರುಗಳಿಂದ ಹಾಗೆಯೇ ಮುಂದುವರಿದಿರುವುದುಂಟು. ಕರಾವಳಿಯಲ್ಲಿ ವರ್ಗ (ಸ್ವಂತ ಪಟ್ಟಾ) ಜಮೀನಿನ ಜೊತೆ ಅನುಭವಿಸುವ ಕುಮ್ಕಿ ಸರ್ಕಾರದ ಜಾಗ. ಕುಮ್ಕಿದಾರರಿಗೆ ಇರುವುದು ಸವಲತ್ತು, ಒಡೆತನವಲ್ಲ. ಒಂದೇ ಪಹಣಿಯಲ್ಲಿ ಹತ್ತಾರು ಹೆಸರಿದ್ದರೆ ಪೋಡಿ (ಅಳೆದು ತುಂಡುಗಳನ್ನು ಬೇರ್ಪಡಿಸುವುದು) ಆಗಿಲ್ಲ ಎಂದು ತಿಳಿಯಿರಿ. ಯಾರ ತುಂಡು ಯಾವ ಮೂಲೆಯಲ್ಲಿದೆ ಎಂಬುದನ್ನು ಅಂಥ ಪಹಣಿ ಹೇಳಲಾರದು. ಅದಕ್ಕೆ ಸರ್ವೆ ಇಲಾಖೆಯ ಅಳತೆ ದಾಖಲೆಗಳಾದ ಟಿಪ್ಪಣಿ, ಆಕಾರ್‌ಬಂದ್, ಹಿಸ್ಸಾ ನಕ್ಷೆಗಳನ್ನು ತೆಗೆಯಬೇಕು.

ಕಂಪ್ಯೂಟರ್ ಬರುವ ಮೊದಲಿನ ಕೈಬರಹದ ಪಹಣಿ, ಹಳೆ ಮೈಸೂರಿನ ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕುದಾಖಲೆ) ಪುಸ್ತಕಗಳು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿವೆ. ಅವುಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ ನಡೆದಿದೆ. ನಿಮ್ಮ ತಾಲ್ಲೂಕಿನದು ಮುಗಿದಿದ್ದರೆ ಕೆಲಸ ಹಗುರ, ಇಲ್ಲವಾದರೆ ಅರ್ಜಿ ಹಾಕಿ ಕಾಯಬೇಕು.

ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ

ಪಹಣಿ ಈಗಿನ ಸ್ಥಿತಿಯನ್ನು ಹೇಳಿದರೆ ಇ.ಸಿ. ನಡೆದುಬಂದ ದಾರಿಯನ್ನು ಹೇಳುತ್ತದೆ. ನೀವು ಕೇಳಿದ ಅವಧಿಯಲ್ಲಿ ಆ ಆಸ್ತಿಯ ಬಗ್ಗೆ ನೋಂದಣಿಯಾದ ಕ್ರಯ, ಅಡಮಾನ, ವಿಭಾಗ, ದಾನ, ಹಕ್ಕುಬಿಡುಗಡೆ ಪತ್ರಗಳನ್ನೆಲ್ಲ ಅದು ಪಟ್ಟಿ ಮಾಡುತ್ತದೆ, ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನ ಸಹಿತ. ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. 2004ರ ಏಪ್ರಿಲ್ 1ರಿಂದ ಈಚಿನದು ‘ಕಾವೇರಿ’ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಶುಲ್ಕ ವರ್ಷಗಳ ಲೆಕ್ಕದ ಮೇಲೆ.

ನಗರದ ಆಸ್ತಿಯಾದರೆ ಮೊದಲ ಆಯ್ಕೆ ಇದೇ. ಕಾರಣ, ಇ.ಸಿ. ಕೇವಲ ಹೆಸರು ಕೊಡುವುದಿಲ್ಲ, ದಸ್ತಾವೇಜಿನ ಸಂಖ್ಯೆಯನ್ನೂ ಕೊಡುತ್ತದೆ. ಆ ಸಂಖ್ಯೆ ಹಿಡಿದು ಪತ್ರದ ದೃಢೀಕೃತ ನಕಲು ಪಡೆದರೆ ಕೊಂಡವರ ತಂದೆ ಅಥವಾ ಗಂಡನ ಹೆಸರು, ಅಂದಿನ ವಿಳಾಸ, ಸಾಕ್ಷಿಗಳ ಹೆಸರು ಎಲ್ಲ ಅದರಲ್ಲಿರುತ್ತವೆ. ಖಾಲಿ ನಿವೇಶನದ ಒಡೆಯರನ್ನು ಪತ್ತೆಹಚ್ಚಲು ಇಷ್ಟು ಖಚಿತವಾದ ದಾರಿ ಬೇರೆ ಇಲ್ಲ. ಇದನ್ನು ಕೇಳಲು ಹಿಂಜರಿಯಬೇಕಾಗಿಯೂ ಇಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಂ, ಸ್ಥಿರಾಸ್ತಿ ಪತ್ರಗಳಿರುವ 1ನೇ ಪುಸ್ತಕವನ್ನು ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿದ ಯಾರಾದರೂ ಪರಿಶೀಲಿಸಬಹುದೆಂದು ಹೇಳುತ್ತದೆ. ಸೂಚಿಗಳು ಎರಡು ಬಗೆ: ವ್ಯಕ್ತಿಗಳ ಹೆಸರಿನದು ಒಂದು, ಆಸ್ತಿಯದು ಇನ್ನೊಂದು. ಕೈಯಲ್ಲಿ ಹೆಸರು ಮಾತ್ರ ಇದ್ದವರಿಗೆ ಮೊದಲನೆಯದು ನೆರವಾಗುತ್ತದೆ.

ಇ.ಸಿ.ಯ ದೊಡ್ಡ ದೌರ್ಬಲ್ಯ ಹುಡುಕುವ ವಿಧಾನದಲ್ಲಿದೆ. ಒಂದೇ ಜಾಗವನ್ನು 1980ರ ಪತ್ರ ಸರ್ವೆ ನಂಬರಿನಿಂದ, ಮುಂದಿನ ಪತ್ರ ನಿವೇಶನ ಸಂಖ್ಯೆಯಿಂದ, ಇತ್ತೀಚಿನದು ಖಾತೆ ಸಂಖ್ಯೆಯಿಂದ ಹೆಸರಿಸಿರುತ್ತದೆ. ಒಂದು ಸಂಖ್ಯೆ ಕೊಟ್ಟು ‘ವ್ಯವಹಾರವಿಲ್ಲ’ ಎಂಬ ನಮೂನೆ 16 ಬಂದಾಗ ಎಷ್ಟೋ ಜನ ನಿರಾಳರಾಗಿಬಿಡುತ್ತಾರೆ. ಅದು ‘ಈ ವಿವರಣೆಯಡಿ ಏನೂ ಸಿಗಲಿಲ್ಲ’ ಎಂಬ ಮಾತು ಅಷ್ಟೆ. ಹಳೆಯ ಸರ್ವೆ ನಂಬರ್, ಹೊಸ ಹಿಸ್ಸಾ, ನಿವೇಶನ ಸಂಖ್ಯೆ, ಖಾತೆ ಸಂಖ್ಯೆ ಎಲ್ಲವನ್ನೂ ಬೇರೆ ಬೇರೆಯಾಗಿ ಹಾಕಿ ಹುಡುಕಿ. ಹೆಸರಿನ ಕಾಗುಣಿತವನ್ನೂ ಬದಲಿಸಿ ನೋಡಿ. ಹಳ್ಳಿ ಯಾವ ಉಪನೋಂದಣಿ ಕಚೇರಿಯ ವ್ಯಾಪ್ತಿಯಲ್ಲಿ ಯಾವ ವರ್ಷದವರೆಗೆ ಇತ್ತು ಎಂದು ಕೇಳಿಕೊಳ್ಳಿ.

ನೋಂದಣಿಯಾಗದ ಯಾವುದೂ ಇದರಲ್ಲಿ ಬರುವುದಿಲ್ಲ. ಬಾಯಿಮಾತಿನ ಪಾಲು, ಪೌತಿಯಿಂದ ಬಂದ ಹಕ್ಕು, ನೋಂದಣಿಯಾಗದ ಉಯಿಲು ಇಲ್ಲಿ ಕಾಣುವುದಿಲ್ಲ. ನೋಂದಣಿಯಾದ ಉಯಿಲು ಕೂಡ 3ನೇ ಪುಸ್ತಕದಲ್ಲಿ ಬೇರೆಯಾಗಿ ಇರುತ್ತದೆ. ಬರೆದವರು ಬದುಕಿರುವವರೆಗೆ ಹೊರಗಿನವರಿಗೆ ಅದರ ನಕಲು ಸಿಗದು, ತೀರಿಕೊಂಡ ಮೇಲೆ ಅರ್ಜಿ ಹಾಕಿದವರಿಗೆ ಸಿಗುತ್ತದೆ. ಜಿ.ಪಿ.ಎ., ಅಂದರೆ ಸಾಮಾನ್ಯ ಅಧಿಕಾರ ಪತ್ರ, ಸಾಮಾನ್ಯವಾಗಿ 4ನೇ ಪುಸ್ತಕದ ಪತ್ರ. ಜಿ.ಪಿ.ಎ. ಮೂಲಕ ಮಾಡಿದ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ, ಆದರೂ ಹಳೆಯ ಬಡಾವಣೆಗಳಲ್ಲಿ ಅಂಥ ಕಾಗದಗಳನ್ನು ಹಿಡಿದು ಕುಳಿತವರು ಬೇಕಾದಷ್ಟು ಜನ. ಮೂಲಪತ್ರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲವೂ ಇ.ಸಿ.ಯಲ್ಲಿ ಕಾಣದಿರಬಹುದು. ಅದಕ್ಕೆ ‘ಸೆರ್ಸಾಯ್’ ಎಂಬ ಕೇಂದ್ರ ನೋಂದಣಿಯಲ್ಲಿ ಶುಲ್ಕ ಕಟ್ಟಿ ಹುಡುಕುವುದು ಒಳ್ಳೆಯದು.

ಹಾಗಾದರೆ ಪಹಣಿಯೋ ಇ.ಸಿ.ಯೋ? ಸುಮ್ಮನೆ ‘ಈ ಹೊಲ ಯಾರದು’ ಎಂದು ತಿಳಿದರೆ ಸಾಕೆನ್ನುವವರಿಗೆ ಪಹಣಿ ಸಾಕು. ಕೊಳ್ಳುವವರಿಗೆ, ಸಾಲ ಕೊಡುವವರಿಗೆ, ಪಾಲು ಕೇಳುವವರಿಗೆ ಎರಡೂ ಬೇಕು, ಅವುಗಳನ್ನು ಎದುರುಬದುರು ಇಟ್ಟು ಓದಬೇಕು. ಇ.ಸಿ.ಯಲ್ಲಿ ಕ್ರಯ ಆಗಿ ಪಹಣಿಯಲ್ಲಿ ಹೆಸರು ಬದಲಾಗದಿದ್ದರೆ ಮ್ಯುಟೇಶನ್‌ಗೆ ತಕರಾರು ಬಂದಿರಬಹುದು. ಪಹಣಿಯಲ್ಲಿ ‘ಕ್ರಯ’ ಎಂದಿದ್ದು ಇ.ಸಿ.ಯಲ್ಲಿ ಆ ಪತ್ರವೇ ಇಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ ವಕೀಲರ ಬಳಿ ಹೋಗಿ. ಎರಡರ ನಡುವಿನ ಇಂಥ ಬಿರುಕುಗಳನ್ನು ನೋಡಿಕೊಳ್ಳುವುದೇ ನಿಜವಾದ ಹುಡುಕಾಟ ಎಂಬುದು ನನ್ನ ನಂಬಿಕೆ.

ಖಾತೆ ಮತ್ತು ತೆರಿಗೆ ದಾಖಲೆ

ಗ್ರಾಮಠಾಣದೊಳಗಿನ (ಊರಿನ ವಸತಿ ಜಾಗದ) ಮನೆಗಳಿಗೆ ಪಹಣಿ ಇರುವುದಿಲ್ಲ. ಅಲ್ಲಿ ಪಂಚಾಯಿತಿಯ ‘ಇ-ಸ್ವತ್ತು’ ನೋಡಬೇಕು: ನಮೂನೆ 9 ಮತ್ತು 11. ನಗರಸಭೆ, ಪುರಸಭೆಗಳಲ್ಲಿ ‘ಇ-ಆಸ್ತಿ’ಯ ನಮೂನೆ 3. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಮಾರಾಟದ ನೋಂದಣಿ ನಡೆಯುವುದಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿಯಂಥ ಕಡೆ ಸಿ.ಟಿ.ಎಸ್. ಸಂಖ್ಯೆಯ ಸಿಟಿ ಸರ್ವೆ ದಾಖಲೆಯೂ ಇದೆ. ಅಳತೆ, ನಕ್ಷೆ ಎರಡೂ ಇರುವ ಕಾರಣ ನಾನು ಅದನ್ನು ಬರೀ ಖಾತೆಗಿಂತ ಮೇಲೆ ಇಡುತ್ತೇನೆ.

ಹೆಸರು ಪತ್ತೆಗೆ ಖಾತೆ ಅನುಕೂಲ, ಒಡೆತನದ ಪ್ರಶ್ನೆಗೆ ದುರ್ಬಲ. ತೆರಿಗೆ ವಸೂಲಿಗಾಗಿ ಹುಟ್ಟಿದ ದಾಖಲೆ ಅದು. ಅಭಿವೃದ್ಧಿ ಪ್ರಾಧಿಕಾರದ ಅಥವಾ ಗೃಹಮಂಡಳಿಯ ಬಡಾವಣೆಯಾದರೆ ಮೊದಲ ಹಂಚಿಕೆ ಯಾರಿಗಾಯಿತು ಎಂಬ ಕಡತ ಅವರಲ್ಲೇ ಇರುತ್ತದೆ. ಅಪಾರ್ಟ್‌ಮೆಂಟ್ ಯೋಜನೆಯಾದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಬಿಲ್ಡರ್ ಯಾರು, ಜಮೀನು ಯಾರದು ಎಂಬುದನ್ನು ನೋಡಬಹುದು.

ಮನುಷ್ಯರನ್ನು ಹುಡುಕುವುದು

ಆಸ್ತಿಯ ದಾಖಲೆ ಹೆಸರು ಕೊಟ್ಟ ಮೇಲೂ ಆ ಹೆಸರಿನವರು ಎಲ್ಲಿದ್ದಾರೆ ಎಂಬುದು ಉಳಿಯುತ್ತದೆ. ಇಲ್ಲಿ ಮೊದಲು ತೆರೆಯಬೇಕಾದದ್ದು ಮತದಾರರ ಪಟ್ಟಿ. ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಮತಗಟ್ಟೆವಾರು ಪಟ್ಟಿಗಳಿವೆ: ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು. ಒಂದೇ ಮನೆ ಸಂಖ್ಯೆಯಡಿ ಯಾರ್‍ಯಾರಿದ್ದಾರೆ ಎಂದು ನೋಡಿದರೆ ಇಡೀ ಕುಟುಂಬ ಕಣ್ಣಿಗೆ ಬೀಳುತ್ತದೆ. ಊರು ಗೊತ್ತಿದ್ದರೆ ಈ ಪಟ್ಟಿ ಬಹಳ ಉಪಯುಕ್ತ, ಗೊತ್ತಿಲ್ಲದಿದ್ದರೆ ಅಷ್ಟಕ್ಕಷ್ಟೆ. ಒಂದೇ ಹೆಸರಿನವರು ತಾಲ್ಲೂಕಿಗೆ ನೂರಾರು ಜನ ಇರುತ್ತಾರಾದ್ದರಿಂದ ಪಹಣಿಯಲ್ಲಿನ ‘ಬಿನ್’ ನಂತರದ ಹೆಸರು ಹೊಂದುತ್ತದೆಯೇ ಎಂದು ನೋಡದೆ ಯಾರ ಬಾಗಿಲನ್ನೂ ತಟ್ಟಬೇಡಿ.

ಬದುಕಿದ್ದಾರೆಯೇ ಎಂಬ ಸಂದೇಹವಿದ್ದರೆ ಮರಣ ನೋಂದಣಿ ನೋಡಿಸಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ಹುಡುಕಿಸಬಹುದು; ಸಾವಿನ ಕಾರಣವನ್ನು ಮಾತ್ರ ಅವರು ಕೊಡುವಂತಿಲ್ಲ. ವ್ಯಾಜ್ಯದಲ್ಲಿ ಇರಬಹುದು ಎನಿಸಿದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರಿನಿಂದ, ತಹಶೀಲ್ದಾರ್ ಮತ್ತು ಉಪವಿಭಾಗಾಧಿಕಾರಿಗಳ ಮುಂದಿನ ಪ್ರಕರಣಗಳಿಗೆ ಕಂದಾಯ ನ್ಯಾಯಾಲಯಗಳ ಜಾಲತಾಣದಲ್ಲಿ ಹುಡುಕಿ. ದಾಯಾದಿಗಳ ಪತ್ತೆಗೆ ಇದು ಅನೇಕರಿಗೆ ಹೊಳೆಯದ ದಾರಿ. ವಿಭಾಗದ ದಾವೆಯೊಂದರ ಕಾಗದದಲ್ಲಿ ಇಡೀ ವಂಶದ ಹೆಸರು, ವಿಳಾಸಗಳು ಸಿಕ್ಕಿಬಿಡುತ್ತವೆ.

ಮಾಹಿತಿ ಹಕ್ಕು ಅರ್ಜಿಯನ್ನು ನಾನು ಕೊನೆಗೆ ಇಡುತ್ತೇನೆ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ. ಕಡತದ ಪ್ರತಿ, ಮಂಜೂರಾತಿ ಆದೇಶ, ಬಡಾವಣೆಯ ಅನುಮೋದನೆ ಇಂಥವಕ್ಕೆ ಅದು ಒಳ್ಳೆಯ ಸಾಧನ. ಒಬ್ಬ ವ್ಯಕ್ತಿಯ ಖಾಸಗಿ ವಿವರ ಕೇಳಿದರೆ 8ನೇ ಕಲಮಿನಡಿ ನಿರಾಕರಿಸುತ್ತಾರೆ, ನಿರಾಕರಿಸುವುದು ನ್ಯಾಯವೂ ಹೌದು. ಫೋನ್ ನಂಬರ್, ಆಧಾರ್ ಸಂಖ್ಯೆ ಹುಡುಕಿಕೊಡುತ್ತೇವೆ ಎಂದು ಹಣ ಕೇಳುವವರ ಹತ್ತಿರ ಸುಳಿಯಬೇಡಿ. ಮನೆ ಬಿಟ್ಟು ಬಂದ ಹೆಣ್ಣುಮಗಳನ್ನೋ ಸಾಲಕ್ಕೆ ಹೆದರಿ ಊರು ಬಿಟ್ಟವರನ್ನೋ ಬೆನ್ನಟ್ಟಲು ಈ ದಾಖಲೆಗಳನ್ನು ಯಾರೂ ಬಳಸಬಾರದು. ವಿಳಾಸ ಸಿಕ್ಕಿದ ಮೇಲೆ ಮೊದಲು ಒಂದು ಪತ್ರ ಬರೆಯಿರಿ, ಕಾರಣ ತಿಳಿಸಿ, ಉತ್ತರ ಕೊಡುವುದನ್ನು ಅವರಿಗೆ ಬಿಡಿ.

ದೂರದಲ್ಲಿ ಇರುವವರಿಗೆ

ಸೊಲ್ಲಾಪುರ, ಜತ್ತ ಕಡೆಯ ಕನ್ನಡಿಗರು ನೋಡಬೇಕಾದದ್ದು ಮಹಾರಾಷ್ಟ್ರದ ಸಾತ್‌-ಬಾರಾ ಉತಾರ, ತಾಳವಾಡಿಯವರಿಗೆ ತಮಿಳುನಾಡಿನ ಪಟ್ಟಾ-ಚಿಟ್ಟಾ. ದಾಖಲೆಯ ಹೆಸರು ಬೇರೆ, ಓದುವ ಕ್ರಮ ಹೆಚ್ಚುಕಡಿಮೆ ಇದೇ.

ಊರಿನಲ್ಲಿ ಜಮೀನು ಬಿಟ್ಟು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿದವರು ತಮ್ಮದೇ ಹೆಸರನ್ನು ಆಗಾಗ ಹುಡುಕಿಕೊಳ್ಳಬೇಕು. ಪಹಣಿ ಮತ್ತು ಮ್ಯುಟೇಶನ್ ಸ್ಥಿತಿ ಎರಡನ್ನೂ ಭೂಮಿ ಜಾಲತಾಣದಲ್ಲಿ ಎಲ್ಲಿಂದಲಾದರೂ ನೋಡಬಹುದು. ಯಾರೋ ನಿಮ್ಮ ಜಮೀನಿನ ಮೇಲೆ ಹಕ್ಕು ಬದಲಾವಣೆಗೆ ಅರ್ಜಿ ಹಾಕಿದ್ದರೆ ಅದು ತೀರ್ಮಾನವಾಗುವ ಮೊದಲೇ ಅಲ್ಲಿ ಕಾಣಿಸುತ್ತದೆ. ಆಕ್ಷೇಪಣೆಯ ಅವಧಿ ಚಿಕ್ಕದು. ಅದರೊಳಗೆ ನಂಬಿಕೆಯ ಒಬ್ಬರ ಕೈಯಲ್ಲಿ ತಾಲ್ಲೂಕು ಕಚೇರಿಗೆ ಲಿಖಿತ ತಕರಾರು ಕೊಡಿಸಿ ಸ್ವೀಕೃತಿ ಪಡೆಯಿರಿ. ಅವಧಿ ಮೀರಿ ಮ್ಯುಟೇಶನ್ ಆಗಿಬಿಟ್ಟಿದ್ದರೆ ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ ಉಪವಿಭಾಗಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಬೇಕಾಗುತ್ತದೆ.